ವಾರ್ತೆಯ ಒಡೆತನವೂ ವಿದ್ವಾಂಸರ ಕರ್ತವ್ಯವೂ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಸಿರುಗುಪ್ಪ ಕುರುಗೋಡು ಸೀಮೆಯ ಭತ್ತದ ರೈತನಿಗೆ ಬೇಕಾಗಿದ್ದುದು ಒಂದೇ: ಕಾಲುವೆಗೆ ನೀರು ಉಳಿಯುವುದೇ, ಇಲ್ಲವೇ ಎಂಬ ನಂಬತಕ್ಕ ಮಾತು, ತನ್ನ ಭಾಷೆಯಲ್ಲಿ. ಇಂದು ಅವನಿಗೆ ವಾರ್ತೆ ತರುವುದು ಕೈಯಲ್ಲಿರುವ ಮೊಬೈಲು. ಅದರಲ್ಲಿ ಯಾವ ಮಾತು ಮುಂದೆ ಬರಬೇಕು, ಯಾವುದು ಹಿಂದುಳಿಯಬೇಕು ಎಂಬುದನ್ನು ನಿರ್ಣಯಿಸುವವರು ಬಳ್ಳಾರಿಯಲ್ಲಿಲ್ಲ, ಬೆಂಗಳೂರಿನಲ್ಲಿಯೂ ಇಲ್ಲ. ಸಮುದ್ರದಾಚೆಯ ಕೆಲವೇ ಕಂಪೆನಿಗಳು ಅದನ್ನು ನಿರ್ಣಯಿಸುತ್ತವೆ.

ಈ ಪರಾಧೀನತೆ ಹೊಸದಲ್ಲ. ಇದನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಪ್ರೊಫೆಸರ್ ಕೆ. ಇ. ಈಪನ್ ಅವರು ಸ್ಮರಣೀಯರು. ಕೇರಳದಲ್ಲಿ ಹುಟ್ಟಿ, ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಪತ್ರಿಕಾವಿದ್ಯೆಯನ್ನು ಬೋಧಿಸಿ, ಬಳಿಕ ಬೆಂಗಳೂರು ವಿಶ್ವವಿದ್ಯಾಲಯದ ಸಂವಹನ ವಿಭಾಗದ ಮುಖ್ಯಸ್ಥರಾದ ಇವರು, ಇಂಡೋನೇಷ್ಯ ಜಾಂಬಿಯ ದೇಶಗಳಲ್ಲಿ ಮಾಧ್ಯಮವು ಜನರ ಏಳಿಗೆಗೆ ಎಷ್ಟುಮಟ್ಟಿಗೆ ಒದಗುತ್ತಿದೆ ಎಂಬುದನ್ನು ಪರಿಶೀಲಿಸಿ 1973ರಲ್ಲಿ ವರದಿಯನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಲೋಕದ ವಾರ್ತೆಯ ಬಹುಭಾಗವು ನಾಲ್ಕು ಪಾಶ್ಚಾತ್ಯ ಸಂಸ್ಥೆಗಳ ಕೈಯಲ್ಲಿತ್ತು. ಇದಕ್ಕೆ ಪ್ರತಿಯಾಗಿ ಅಲಿಪ್ತ ರಾಷ್ಟ್ರಗಳು 1976ರಲ್ಲಿ ದೆಹಲಿಯಲ್ಲಿ ಕೂಡಿ ತಮ್ಮದೇ ಆದ ವಾರ್ತಾಕೂಟವನ್ನು ದೃಢಪಡಿಸಿಕೊಂಡವು. ನಮ್ಮ ಬಿ. ಜಿ. ವರ್ಗೀಸರೂ ಸದಸ್ಯರಾಗಿದ್ದ ಮ್ಯಾಕ್‌ಬ್ರೈಡ್ ಆಯೋಗವು 1980ರಲ್ಲಿ ಯುನೆಸ್ಕೋಗೆ ವರದಿಯನ್ನೊಪ್ಪಿಸಿ ಈ ಅಸಮತೆಯನ್ನು ಎತ್ತಿ ತೋರಿಸಿತು. ಅಮೆರಿಕವು 1984ರಲ್ಲಿಯೂ, ಬ್ರಿಟನ್ 1985ರಲ್ಲಿಯೂ ಯುನೆಸ್ಕೋವನ್ನು ತೊರೆದುದಕ್ಕೆ ಈ ವಿವಾದವೂ ಒಂದು ಕಾರಣ. ಒಡೆತನವನ್ನು ಯಾರೂ ಸಂತೋಷದಿಂದ ಬಿಟ್ಟುಕೊಡರು!

ಆದರೂ ಸಾಧಿಸಿದರೆ ಫಲವುಂಟೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಮರುವರ್ಷ ಬೆಂಗಳೂರಿನಲ್ಲಿ ಕೂಡಿದವರು ಜನರ ರೇಡಿಯೋ ಬೇಕೆಂದು ಘೋಷಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು, ಪರವಾನಗಿ ದೊರೆಯದಿದ್ದ ಕಾಲದಲ್ಲಿ, ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಮುಟ್ಟಿಸಿದರು. 2006ರಲ್ಲಿ ಸರಕಾರವು ಸೇವಾಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅನುಮತಿಯಿತ್ತಿತು.

1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿಯು ಮೈಸೂರನ್ನು ಸೇರಿತು. ಗಡಿಯನ್ನು ಭೂಪಟದ ಮೇಲೆ ಎಳೆಯಬಹುದು. ಮಾತಿಗೆ ಗಡಿ ಎಳೆಯಲಾಗದು. ತೆಲುಗು ಬಾಂಧವರೊಡನೆ ನಮಗೆ ವೈರವಿಲ್ಲ. ಆದರೆ ಗಡಿಯ ಕನ್ನಡಿಗನು ಯಾರ ಮೂಲಕ ಏನನ್ನು ತಿಳಿಯುತ್ತಾನೆ, ಆಪತ್ತಿನಲ್ಲಿ ಯಾರನ್ನು ನಂಬುತ್ತಾನೆ ಎಂಬುದನ್ನು ನಾವೇ ಅರಿಯದಿದ್ದರೆ ಅವನ ಪರವಾಗಿ ದೆಹಲಿಯಲ್ಲಿ ಏನನ್ನು ಕೇಳೋಣ? ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಸಿರುಗುಪ್ಪ ಕುರುಗೋಡುಗಳ ಹಳ್ಳಿಹಳ್ಳಿಗೂ ವಿದ್ಯಾರ್ಥಿಗಳನ್ನು ಕಳುಹಿಸಿ ಇದನ್ನು ಶೋಧಿಸಬೇಕು. ಜಿಲ್ಲಾಧಿಕಾರಿಗಳು ಆ ಶೋಧನೆಯನ್ನು ಕಡತದಲ್ಲಿ ಮಲಗಿಸದೆ ಕಾರ್ಯಕ್ಕೆ ತರಬೇಕು. ದೂರದ ಜಾಂಬಿಯದ ಸ್ಥಿತಿಯನ್ನು ಬೆಂಗಳೂರಿನ ಪ್ರಾಧ್ಯಾಪಕರು ಅರಿತರು. ಮನೆಯಂಗಳದ ಸಿರುಗುಪ್ಪವನ್ನು ಅರಿಯಲು ನಮಗೇನು ಅಡ್ಡಿ?