ಫ್ಲ್ಯಾಟಿನ ಬಿಯರ್ ಹವ್ಯಾಸ, ತಾಂಡಾದ ಕೊಡ ಕೇಸು!

"ಅಣ್ಣಾ, ಮನ್ಯಾಗ ಬಿಯರ್ ಮಾಡೋದು ಯೂಟ್ಯೂಬ್‌ನ್ಯಾಗ ನೋಡೀನಿ. ಮಾಡಿದ್ರ ಏನಾಗ್ತದ?" ತುರ್ವಿಹಾಳದ ಚಹಾ ಅಂಗಡಿಯಲ್ಲಿ ಹುಡುಗನೊಬ್ಬ ಕೇಳಿದ. "ಕೇಸ್ ಆಗ್ತದ ತಮ್ಮಾ" ಅಂದೆ.

1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದೂ ಅಪರಾಧ. ಬೆಂಗಳೂರಿಗೂ ಸಿಂಧನೂರಿಗೂ ಕಾಯ್ದೆ ಒಂದೇ. ಆದರೆ ಫ್ಲ್ಯಾಟಿನಲ್ಲಿ ಬಾರ್ಲಿ ಮಾಲ್ಟ್, ಹಾಪ್ಸ್, ಯೀಸ್ಟ್ ಹಾಕಿ ಎರಡು ವಾರ ಹುದುಗಿಸಿದರೆ ಅದು ಹವ್ಯಾಸ. ತಾಂಡಾದಲ್ಲಿ ಬೆಲ್ಲದ ಕೊಳೆ ಸಿಕ್ಕರೆ ಕೊಡ ಒಡೆದು ಫೋಟೊ, ಮರುದಿನ ಪೇಪರಿನಲ್ಲಿ ಸುದ್ದಿ. ಅಂಥ ಸುದ್ದಿ ನಾನೂ ಕಳಿಸಿದ್ದೇನೆ. ಫ್ಲ್ಯಾಟಿನ ಮೇಲೆ ದಾಳಿಯಾದ ಸುದ್ದಿ ಮಾತ್ರ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಳ್ಳಭಟ್ಟಿಗೆ ಬಿಟ್ಟುಬಿಡಿ ಅನ್ನುತ್ತಿಲ್ಲ. ಬಿಯರ್ ಬರೀ ಹುದುಗಿಸಿದ್ದು. ಭಟ್ಟಿ ಇಳಿಸಿದ್ದು ಕೆಟ್ಟರೆ ಕಣ್ಣು, ಜೀವ ಎರಡೂ ಹೋಗುತ್ತವೆ. ಆದರೆ 2007ರಲ್ಲಿ ಸಾರಾಯಿ ನಿಲ್ಲಿಸಿದ ಸರ್ಕಾರ, ತನ್ನದೇ ಎಂಎಸ್‌ಐಎಲ್ ಮಳಿಗೆಗಳಲ್ಲಿ ಬಾಟಲಿ ಮಾರುತ್ತಿದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಹೆಣ್ಣುಮಕ್ಕಳಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಅವರು ಕೇಳಿದ್ದು ಪೂರ್ಣ ಮದ್ಯ ನಿಷೇಧ, ಬಡವರ ಕೊಡ ಮಾತ್ರ ಒಡೆಯಿರಿ ಅಂತಲ್ಲ.

ಹವ್ಯಾಸಕ್ಕೆ ಮನೆಯಲ್ಲಿ ಮಾಡುವುದು ತಪ್ಪಲ್ಲ ಅನ್ನುವುದಾದರೆ ಕಾಯ್ದೆ ತಿದ್ದಿ, ಎಲ್ಲರಿಗೂ ಹೇಳಿ. ತಪ್ಪು ಅನ್ನುವುದಾದರೆ ಫ್ಲ್ಯಾಟಿನ ಬಾಗಿಲನ್ನೂ ಬಡಿಯಿರಿ. ಅಲ್ಲೀತನಕ, ತಮ್ಮಾ, ನೀ ಮಾಡಬೇಡ. ಸಿಕ್ಕಿಬೀಳೋದು ನೀನ.