ಚಿತ್ರಕಥೆ ಯಾರ ಮನೆಯ ಸ್ವತ್ತು?

ಬೆಂಗಳೂರಿನಲ್ಲಿ 2012ರಲ್ಲಿ ‘ಕಾಮಿಕ್ ಕಾನ್’ ಎಂಬ ಚಿತ್ರಕಥೆಗಳ ಜಾತ್ರೆ ಆರಂಭವಾಯಿತು. ಟಿಕೆಟ್ ಕೊಂಡು ಒಳಹೊಕ್ಕ ತರುಣರು ಅಮೆರಿಕ, ಜಪಾನುಗಳ ಕಥಾನಾಯಕರ ವೇಷ ಧರಿಸಿ ಮೆರೆಯುತ್ತಾರೆ. ಇಂಥ ಜಾತ್ರೆಗಳನ್ನು ದೇಶದ ಹಲವು ನಗರಗಳಲ್ಲಿ ನಡೆಸುವ ಸಂಸ್ಥೆಯನ್ನು 2024ರ ಆರಂಭದಲ್ಲಿ ಇನ್ನೊಂದು ಕಂಪೆನಿ 55 ಕೋಟಿ ರೂಪಾಯಿಗೆ ಕೊಂಡಿತು. ತರುಣರ ಸಂತೋಷಕ್ಕೆ ನಾವು ಅಡ್ಡಿ ಬರುವವರಲ್ಲ. ನಮ್ಮ ಪ್ರಶ್ನೆ ಬೇರೆ. ದಾವಣಗೆರೆಯ ಮಿಲ್ಲಿನ ಕಾರ್ಮಿಕನ ಮಗುವಿಗೆ, ಹರಿಹರದ ಸಣ್ಣ ಅಂಗಡಿಯವನ ಮಗುವಿಗೆ ಓದಲು ಕನ್ನಡದ ಒಂದು ಚಿತ್ರಕಥೆ ಸಿಗುತ್ತಿದೆಯೇ?

ಇದು ಪರದೇಶದ ಸರಕು, ನಮಗೇಕೆ ಎನ್ನುವವರುಂಟು. ಅವರು ಒಂದು ಸಂಗತಿ ತಿಳಿಯಬೇಕು. ಇಂದು ದೇಶವೆಲ್ಲ ಬಲ್ಲ ‘ಅಮರ ಚಿತ್ರ ಕಥೆ’ ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ, ಇಂಡಿಯಾ ಬುಕ್ ಹೌಸ್ ಪ್ರಕಾಶನದ ಪರವಾಗಿ ಬೆಂಗಳೂರಿನಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅದು ಆಯಿತು. ಮೊದಲ 10 ಪುಸ್ತಕಗಳು ಪಾಶ್ಚಾತ್ಯ ಕಟ್ಟುಕಥೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಮುಂಬಯಿಯಲ್ಲಿ ಸಂಪಾದಕರಾಗಿ ‘ಕೃಷ್ಣ’ನ ಕಥೆ ತಂದಾಗ, ಅದಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಈ ಕಾರಣದಿಂದಲೇ.

ಹೀಗೆ ಕನ್ನಡದಲ್ಲಿ ಕಣ್ಣು ತೆರೆದ ಕೂಸು ಇಂದು ಇಂಗ್ಲಿಷ್ ಬಲ್ಲವರ ಮನೆಯಲ್ಲಿ ಬೆಳೆಯುತ್ತಿದೆ. 1949ರಲ್ಲಿ ಕನ್ನಡಕ್ಕೆ ಬಂದು, ಚಿತ್ರಗಳಿಂದಲೇ ಮಕ್ಕಳನ್ನು ಸೆಳೆದ ‘ಚಂದಮಾಮ’ ಮಾಸಪತ್ರಿಕೆಯೂ 2013ರ ಹೊತ್ತಿಗೆ ನಿಂತುಹೋಯಿತು.

ಚಿತ್ರ ನೋಡುವುದು ಓದೇ ಅಲ್ಲವೆಂದು ನಾವೂ ಒಮ್ಮೆ ನಂಬಿದ್ದೆವು. ಉಪಾಧ್ಯಾಯ ವೃತ್ತಿಯಲ್ಲಿದ್ದಾಗ, ಪಾಠಪುಸ್ತಕದೊಳಗೆ ಚಿತ್ರಕಥೆ ಬಚ್ಚಿಟ್ಟುಕೊಂಡಿದ್ದ ಹುಡುಗನಿಂದ ಅದನ್ನು ಕಿತ್ತುಕೊಂಡು ಗದರಿಸಿದೆವು. ‘ಏನಿದೆ ಇದರಲ್ಲಿ, ಓದು’ ಎಂದೆವು. ಪಾಠದ ಒಂದು ಸಾಲಿಗೆ ತಡವರಿಸುತ್ತಿದ್ದ ಹುಡುಗ ಇಡೀ ಪುಟವನ್ನು ಗಟ್ಟಿಯಾಗಿ ಓದಿಬಿಟ್ಟ. ಚಿತ್ರವೇ ಅವನ ಕೈಹಿಡಿದು ಅಕ್ಷರದ ದಾರಿಯಲ್ಲಿ ನಡೆಸಿತ್ತು. ಪುಸ್ತಕ ಅವನದಾಗಿರಲಿಲ್ಲ, ಗೆಳೆಯನಿಂದ ಒಂದು ದಿನಕ್ಕೆ ತಂದದ್ದು.

ಕೊಳ್ಳಲಾರದವನಿಗೆ ಗ್ರಂಥಾಲಯವೇ ಗತಿ. ಅಮರ ಚಿತ್ರ ಕಥೆ ಕನ್ನಡದಲ್ಲಿ ಹುಟ್ಟಿದ ಅದೇ 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ಹುಟ್ಟಿತು. ಅದರಂತೆ ಈಗ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರ ಬೀಳುತ್ತದೆ. 2,000 ರೂಪಾಯಿ ತೆರಿಗೆ ಕಟ್ಟುವ ಅಂಗಡಿಯವನು 120 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಡುತ್ತಾನೆ. ಬಾಡಿಗೆ ಮನೆಯ ಕೂಲಿಕಾರನೂ ಬಾಡಿಗೆಯ ರೂಪದಲ್ಲಿ ಇದರ ಪಾಲು ಹೊರುತ್ತಾನೆ. ಆದ್ದರಿಂದ ಗ್ರಂಥಾಲಯದ ಪುಸ್ತಕ ಯಾರ ದಾನವೂ ಅಲ್ಲ. ಅದು ನಮ್ಮ ಬೆವರಿನ ಹಣ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಬಾಗಿಲು ತೆರೆದದ್ದು ಒಳ್ಳೆಯದೇ. ಕಪಾಟಿನಲ್ಲಿ ಏನಿದೆ ಎಂದು ಕೇಳುವವರು ಯಾರು?

ನಾವು ಕೇಳುವುದು ಮೂರು ಮಾತು. ಒಂದು, ದಾವಣಗೆರೆ ಪಾಲಿಕೆಯೂ ಹರಿಹರ ನಗರಸಭೆಯೂ ಈ ಕರದಲ್ಲಿ ಎಷ್ಟು ವಸೂಲು ಮಾಡಿದೆವು, ಗ್ರಂಥಾಲಯಕ್ಕೆ ಎಷ್ಟು ಸಲ್ಲಿಸಿದೆವು ಎಂಬ ಲೆಕ್ಕವನ್ನು ವರ್ಷ ವರ್ಷವೂ ಜನರ ಮುಂದಿಡಬೇಕು. ಎರಡು, ಪ್ರತಿ ಗ್ರಂಥಾಲಯದಲ್ಲಿಯೂ ಮಗುವಿನ ಕೈಗೆಟುಕುವ ಎತ್ತರದಲ್ಲಿ ಕನ್ನಡ ಚಿತ್ರಕಥೆಗಳ ಕಪಾಟು ಇರಬೇಕು. ಮೂರು, ರಾಜರಾಣಿಯರ ಕಥೆಯ ಜತೆಗೆ ದುಡಿಯುವವರ ಕಥೆಯೂ ಚಿತ್ರವಾಗಬೇಕು. 1942ರಲ್ಲಿ ದಾವಣಗೆರೆಯಲ್ಲಿ ಗುಂಡಿಗೆ ಎದೆಯೊಡ್ಡಿದವರ ಕಥೆಯಿದೆ. ಹತ್ತಿಯ ಮಿಲ್ಲುಗಳ ಕಥೆಯಿದೆ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಮುಂದೆ ಮುಚ್ಚಿಹೋದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಥೆಯಿದೆ. ಅವನ್ನು ಬರೆಯುವ ನಮ್ಮೂರ ಕಲಾವಿದನಿಗೆ ತಕ್ಕ ಕೂಲಿ ಸಿಗಲಿ, ಪುಸ್ತಕದ ಮೇಲೆ ಅವನ ಹೆಸರೂ ಇರಲಿ.

ಇದಕ್ಕೆ ಮುಷ್ಕರ ಬೇಕಿಲ್ಲ. ಬರುವ ಭಾನುವಾರ ಹತ್ತು ಮಂದಿ ಕುಳಿತು ಒಂದು ಅರ್ಜಿ ಬರೆಯಿರಿ. ತೆರಿಗೆ ಕಟ್ಟಿದ ರಸೀತಿಯನ್ನು ಜೇಬಿನಲ್ಲಿಟ್ಟುಕೊಂಡು, ಮಗುವಿನ ಕೈ ಹಿಡಿದು, ವಾರದೊಳಗೆ ಗ್ರಂಥಾಲಯಕ್ಕೆ ಹೋಗಿ ಕೊಟ್ಟುಬನ್ನಿ. ಬೇಡುವ ದನಿ ಬೇಡ. ದುಡ್ಡು ಕೊಟ್ಟವನು ಸರಕು ಕೇಳುವ ದನಿ ಸಾಕು.