‘ನಿಮಗೆ ಇಷ್ಟು ಸಾಕು’ ಅನ್ನೋರಿಗೆ

ಉದ್ದ ಪೋಸ್ಟ್. ಕಂಪ್ಯೂಟರ್ ವಿಷಯ ಅಂತ ಮೇಲಕ್ಕೆ ತಳ್ಳಿ ಮುಂದೆ ಹೋಗ್ಬೇಡಿ, ಇದು ನಮ್ಮದೇ ವಿಷಯ.

ಹೋದ ವಾರ ನಮ್ಮ ಸಂಜೆ ಓದಿನ ಕೇಂದ್ರದ ಒಂದು ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ವಿ. ಸೆಕೆಂಡ್ ಹ್ಯಾಂಡ್, 6,500 ರೂಪಾಯಿ. ಅದಕ್ಕೆ ಎರಡು ಕಡೆಯಿಂದ ಬೈಸ್ಕೊಂಡೆ. ಒಂದು, ಕಂಪ್ಯೂಟರ್ ದಾನ ಕೊಟ್ಟೋರು. ಇನ್ನೊಂದು, ನಮ್ಮೋರೇ. ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ.

ಮೊದಲು ದಾನದ ಕಥೆ. ಒಂದು ಆಫೀಸಿನೋರು ನಾಲ್ಕು ಡೆಸ್ಕ್‌ಟಾಪ್ ಕೊಟ್ಟರು. ಬಾಬಾಸಾಹೇಬರ ಫೋಟೋ ಪಕ್ಕ ನಿಂತು ಹತ್ತು ಫೋಟೋ ತೆಗೆಸ್ಕೊಂಡರು. ಸಂತೋಷ, ಋಣ ಇದೆ. ಆದರೆ ಮೆಷಿನ್ ಯಾವುದು ಅಂತ ನೋಡಿ. ಮೂರನೇ ತಲೆಮಾರಿನ ಐ5, ಅಂದ್ರೆ 2012ರ ಕಾಲದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗೀತು. ವಿಂಡೋಸ್ 11 ಈ ಪ್ರೊಸೆಸರಿಗೆ ಅಧಿಕೃತವಾಗಿ ಇಲ್ಲ. ಅವರಿಗೆ ಕೆಲಸಕ್ಕೆ ಬಾರದೇ ಹೋದ ಮೇಲೆ ಅದು ನಮಗೆ ‘ಕೊಡುಗೆ’ ಆಯ್ತು. ಇರಲಿ. ಹಾರ ಬಿದ್ದ ದಿನ ನಾನೂ ಚಪ್ಪಾಳೆ ತಟ್ಟಿದ್ದೀನಿ.

ನಮ್ಮ ಕೇಂದ್ರಕ್ಕೆ ಸೆಕೆಂಡ್ ಪಿಯು ಓದೋ ಒಬ್ಬ ಹುಡುಗಿ ಬರ್ತಾಳೆ. ಅವಳ ಅಜ್ಜಿ ಮೇಲಿನ ಕೇರಿ ದಾಟೋವಾಗ ಚಪ್ಪಲಿ ಕೈಲಿ ಹಿಡ್ಕೊಂಡು ನಡೀತಿದ್ದ ಕಥೆ ಹೇಳ್ತಿದ್ದರಂತೆ. ಅದನ್ನ ಮೂರು ನಿಮಿಷದ ಅನಿಮೇಷನ್ ಮಾಡಬೇಕು ಅನ್ನೋದು ಇವಳ ಆಸೆ. ಫೋನಲ್ಲಿ ನೋಡ್ಕೊಂಡು ಬ್ಲೆಂಡರ್ ಬಗ್ಗೆ ಅರ್ಧ ಕಲ್ತಿದ್ದಳು. ಬ್ಲೆಂಡರ್ ಪೂರ್ತಿ ಉಚಿತ, ಯಾರ ಪರ್ಮಿಷನ್ನೂ ಬೇಡ. ಡೌನ್‌ಲೋಡ್ ಮಾಡಿ ಒತ್ತಿದಳು. ತೆರೆಯಲೇ ಇಲ್ಲ. ಯಾಕಂದ್ರೆ ಹೊಸ ಬ್ಲೆಂಡರಿಗೆ ಓಪನ್‌ಜಿಎಲ್ 4.3 ಬೇಕು. ಈ ಮೆಷಿನ್ನಿನ ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸ್ ಅಷ್ಟು ದೂರ ಬರಲ್ಲ. ಬಾಗಿಲಲ್ಲೇ ನಿಲ್ಲಿಸಿಬಿಡ್ತು.

ದಾನ ಕೊಟ್ಟೋರಿಗೆ ಫೋನ್ ಮಾಡಿ, ‘ಸಾರ್, ಒಂದು ಕಾರ್ಡ್ ಕೊಡಿಸೋಕಾಗುತ್ತಾ?’ ಅಂದೆ. ನಕ್ಕರು. ‘ಟೈಪಿಂಗು, ಎಕ್ಸೆಲ್ಲು ಕಲೀಲಿ ಅಂತ ಕೊಟ್ಟಿದ್ದು. ಮಕ್ಕಳಿಗೆ ಅಷ್ಟು ಸಾಕಲ್ವಾ?’

ಸಾಕಲ್ವಾ.

ಈ ಪದ ನನಗೆ ಹೊಸದಲ್ಲ. ಹಾಸ್ಟೆಲಲ್ಲಿ ಎರಡನೇ ಸಲ ಸಾರು ಕೇಳಿದಾಗ ಕೇಳಿದ್ದೀನಿ. ಸೈನ್ಸ್ ತಗೋತೀನಿ ಅಂದಾಗ ‘ಆರ್ಟ್ಸ್ ಸಾಕಲ್ವಾ’ ಅಂದಿದ್ದನ್ನ ಕೇಳಿದ್ದೀನಿ. ನಮ್ಮ ಹೊಟ್ಟೆ ಅಳತೆ, ತಲೆ ಅಳತೆ ಎಲ್ಲಾ ಇನ್ನೊಬ್ಬರೇ ತಗೊಂಡಿರ್ತಾರೆ. ಜಾತಿ ಯಾವಾಗಲೂ ಬೈದೇ ಮಾತಾಡ್ಬೇಕು ಅಂತಿಲ್ಲ. ಎಷ್ಟೋ ಸಲ ನಗ್ತಾ ‘ಸಾಕಲ್ವಾ’ ಅನ್ನುತ್ತೆ. ಇನ್ನೊಬ್ಬರ ಮಾತನ್ನ ಟೈಪ್ ಮಾಡೋಕೆ ನಮ್ಮ ಮಕ್ಕಳು ಬೇಕು. ತಮ್ಮದೇ ಚಿತ್ರ ಮಾಡ್ತೀವಿ ಅಂದ್ರೆ ಮಾತ್ರ ಮೆಷಿನ್ ಸಾಲಲ್ಲ.

ಸರಿ, ಎಸ್‌ಪಿ ರೋಡಿಗೆ ಹೋದೆ. ಮೊದಲನೇ ಅಂಗಡಿಯೋನು ಹೆಸರು ಕೇಳಿದ ತಕ್ಷಣ ‘ಆ ಡಬ್ಬಾ ಬಿಸಾಕಿ ಸಾರ್, ಹೊಸದು ತಗೊಳ್ಳಿ’ ಅಂತ 60 ಸಾವಿರದ ಲೆಕ್ಕ ಬರೆದ. ಬಿಸಾಕಿದ್ದು ಎಲ್ಲಿಗೆ ಹೋಗುತ್ತೆ? ದೆಹಲಿಯ ಸೀಲಂಪುರದಂಥ ಕಡೆ ಬೋರ್ಡ್ ಒಡೆದು, ವೈರ್ ಸುಟ್ಟು ತಾಮ್ರ ತೆಗೆಯೋರ ಕೈಗೆ. ಆ ಹೊಗೆ ಕುಡಿಯೋರು ಬಡವರ ಮಕ್ಕಳು. ಊರಲ್ಲಿ ಸತ್ತ ದನ ಹೊರೋಕೆ ನಾವು, ಪೇಟೇಲಿ ಸತ್ತ ಕಂಪ್ಯೂಟರ್ ಒಡೆಯೋಕೆ ನಮ್ಮಂಥೋರು. ‘ಬಿಸಾಕಿ’ ಅನ್ನೋದು ಬಿಸಾಕಿದ್ದನ್ನ ಎತ್ತದೇ ಇರೋರ ಮಾತು.

ಮೂರನೇ ಅಂಗಡೀಲಿ ಒಬ್ಬ ಸಾಬರ ಹುಡುಗ ಕೂತು ಅರ್ಧ ಗಂಟೆ ವಿವರಿಸಿದ. ಅದನ್ನ ಹಂಗೇ ಬರೀತೀನಿ, ಬೇರೆ ಊರಿನ ಕೇಂದ್ರಗಳಿಗೂ ಬೇಕಾಗುತ್ತೆ.

ಕಾರ್ಡ್ ಕೊಳ್ಳೋ ಮುಂಚೆ ಡಬ್ಬಿ ತೆಗೆದು ಪವರ್ ಸಪ್ಲೈ ಮೇಲಿನ ಚೀಟಿ ಓದಿ. ನಮ್ಮದು 275 ವ್ಯಾಟ್. ಕಾರ್ಡಿಗೆ ಅಂತ ಬೇರೆ ವೈರ್ ಇಲ್ಲ. ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡೋದು ಹೆಚ್ಚಂದ್ರೆ 75 ವ್ಯಾಟ್. ಹಾಗಾಗಿ ಬೇರೆ ವೈರ್ ಕೇಳದ, 75 ವ್ಯಾಟ್ ಒಳಗೆ ಓಡೋ ಕಾರ್ಡೇ ಬೇಕು. ಜಿಟಿಎಕ್ಸ್ 1650ಯಲ್ಲಿ ಅಂಥ ಮಾಡೆಲ್ ಸಿಗುತ್ತೆ, 4 ಜಿಬಿ ಮೆಮೊರಿ. ಅದೇ ಹೆಸರಲ್ಲಿ ವೈರ್ ಕೇಳೋ ಮಾಡೆಲ್ಲೂ ಇದೆ, ನೋಡಿ ತಗೊಳ್ಳಿ. ಜಿಟಿ 1030 ಅಗ್ಗ ಅಂತ ಬೀಳ್ಬೇಡಿ, ಅದರಲ್ಲಿ ವೀಡಿಯೊ ಎನ್‌ಕೋಡರ್ರೇ ಇಲ್ಲ. ನಿಮ್ಮದು ತೆಳ್ಳನೆಯ ಡಬ್ಬಿ ಆದ್ರೆ ಗಿಡ್ಡ ಕಾರ್ಡ್ ಬೇಕು. ಹಳೇ ಮಾನಿಟರಿಗೆ ವಿಜಿಎ ಮಾತ್ರ ಇದ್ರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸೋ ಕನ್ವರ್ಟರ್ ತಗೊಳ್ಳಿ. ಸೆಕೆಂಡ್ ಹ್ಯಾಂಡಲ್ಲಿ ಮೋಸ ಜಾಸ್ತಿ. ಹಳೇ ಕಾರ್ಡಿಗೆ ಹೊಸ ಹೆಸರು ಬರೆದು ಮಾರ್ತಾರೆ. ಅಂಗಡೀಲೇ ಜಿಪಿಯು-ಝಡ್ ಹಾಕಿ ಪರೀಕ್ಷೆ ಮಾಡಿಸಿ, ಫ್ಯಾನ್ ಸದ್ದು ಕೇಳಿ, ಆಮೇಲೆ ದುಡ್ಡು ಎಣಿಸಿ.

ಇಷ್ಟೇ ವಿದ್ಯೆ. ಇಷ್ಟನ್ನ ಹೇಳಿಕೊಡದೇ ಇಷ್ಟು ವರ್ಷ ‘ನಿಮಗೆ ಅರ್ಥ ಆಗಲ್ಲ ಬಿಡಿ’ ಅಂದವರು ಎಷ್ಟು ಜನ!

ಈಗ ನಮ್ಮೋರ ಮಾತಿಗೆ ಬರ್ತೀನಿ. ಸಂಘದ ಮೀಟಿಂಗಲ್ಲಿ ಹಿರಿಯರೊಬ್ಬರು, ‘ಗೇಮ್ ಆಡೋ ಕಾರ್ಡಿಗೆ ಸಂಘದ ದುಡ್ಡಾ?’ ಅಂದರು. ಅಣ್ಣಾ, ನಿಮ್ಮ ಮೇಲೆ ಗೌರವ ಇದೆ. ನೀವು ಲಾಠಿ ಏಟು ತಿಂದಿದ್ದಕ್ಕೇ ನಾವು ಇವತ್ತು ಕುರ್ಚಿ ಮೇಲೆ ಕೂತಿದ್ದೀವಿ. ಆದರೆ ಏಪ್ರಿಲ್ 14ಕ್ಕೆ ಫ್ಲೆಕ್ಸಿಗೆ, ಡಿಜೆಗೆ ಹೋದ ದುಡ್ಡಲ್ಲಿ ಇಂಥ ನಾಲ್ಕು ಕಾರ್ಡ್ ಬರ್ತಿತ್ತು. ಆ ಫ್ಲೆಕ್ಸಲ್ಲಿ ಬಾಬಾಸಾಹೇಬರಿಗಿಂತ ನಮ್ಮ ಮುಖಗಳೇ ದೊಡ್ಡದಾಗಿದ್ವು, ನಂದೂ ಸೇರಿ.

ಬಾಬಾಸಾಹೇಬರು 1920ರ ಜನವರಿ 31ಕ್ಕೆ ‘ಮೂಕನಾಯಕ’ ಶುರು ಮಾಡಿದ್ದು ಯಾಕೆ? ಬೇರೆಯವರ ಪತ್ರಿಕೆ ನಮ್ಮ ಕಥೆ ಹೇಳಲ್ಲ ಅಂತ. ನಮ್ಮ ರಾಜ್ಯದಲ್ಲಿ ದಲಿತ ಚಳವಳಿ ‘ಪಂಚಮ’ ತಂದಿದ್ದೂ ಅದಕ್ಕೇ. ಅವತ್ತು ಅಚ್ಚಿನ ಮೊಳೆ ಬೇಕಿತ್ತು, ಇವತ್ತು ಈ ಕಾರ್ಡ್ ಬೇಕು. ಗೇಮ್ ಆಡ್ತಾರೆ ಅಂತೀರಾ? ಆಡ್ಲಿ ಬಿಡಿ. ನಮ್ಮ ಮಕ್ಕಳು ಆಡೋದೂ ತಪ್ಪಾ?

ಭಾನುವಾರ ಡಬ್ಬಿ ತೆಗೆದಿದ್ದು ಅವಳೇ. ನಾನು ಟಾರ್ಚ್ ಹಿಡಿದಿದ್ದೆ, ಅಷ್ಟೇ. ಪ್ಲಗ್ ಕಿತ್ತಳು, ಮೈಯ ಕರೆಂಟ್ ಇಳಿಯಲಿ ಅಂತ ಡಬ್ಬಿಯ ಬರಿ ಲೋಹ ಮುಟ್ಟಿದಳು, ಧೂಳು ಒರೆಸಿದಳು, ಕಾರ್ಡ್ ಕೂರಿಸಿ ಸ್ಕ್ರೂ ಬಿಗಿದಳು. ಸ್ವಿಚ್ ಹಾಕಿದ್ರೆ ಸ್ಕ್ರೀನ್ ಕಪ್ಪು. ನನಗೆ ಎದೆ ಧಸಕ್ ಅಂತು, 6,500 ಹೋಯ್ತು ಅಂತ. ಅವಳು ಹಿಂದೆ ಬಗ್ಗಿ ನೋಡಿ, ‘ಅಣ್ಣಾ, ಕೇಬಲ್ ಹಳೇ ಜಾಗದಲ್ಲೇ ಇದೆ’ ಅಂತ ನಕ್ಕಳು. ಕಾರ್ಡಿಗೆ ಬದಲಾಯಿಸಿದಳು, ಬಂತು. ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿದ್ವಿ. ಬ್ಲೆಂಡರ್ ತೆರೀತು.

ಹಂಗಂತ ಎಲ್ಲಾ ಮುಗೀಲಿಲ್ಲ. ಪ್ರೊಸೆಸರ್ ಹಳೇದೇ, ರ‍್ಯಾಮ್ 8 ಜಿಬಿನೇ. ಮೂರು ನಿಮಿಷದ ಚಿತ್ರ ಅಂದ್ರೆ ಸೆಕೆಂಡಿಗೆ 24ರಂತೆ 4,320 ಫ್ರೇಮು. ಒಂದಕ್ಕೆ ಒಂದೇ ನಿಮಿಷ ಹಿಡಿದರೂ ಮೂರು ದಿನ, ಮೂರು ರಾತ್ರಿ. ನಡುವೆ ನಮ್ಮ ಕೇರಿಯ ಕರೆಂಟು ಬೇರೆ. ಅವಳಿಗೆ ಇದೆಲ್ಲ ಗೊತ್ತಿದೆ, ಲೆಕ್ಕ ಹಾಕಿ ಗೋಡೆಗೆ ಅಂಟಿಸಿದ್ದಾಳೆ. ಈಗ ಪರದೆ ಮೇಲೆ ಇರೋದು ಒಂದು ಜೊತೆ ಚಪ್ಪಲಿ ಮಾತ್ರ. ಬಾರು ಸರಿಯಾಗಿ ಬಂದಿಲ್ಲ ಅಂತ ಮೂರು ಸಲ ಅಳಿಸಿ ಮಾಡಿದ್ದಾಳೆ. ‘ಸಾಕು ಬಿಡಮ್ಮ, ಚೆನ್ನಾಗೇ ಇದೆ’ ಅಂದೆ.

‘ಸಾಕಾಗಿಲ್ಲಣ್ಣ’ ಅಂದಳು.

ನನ್ನ ಬಾಯಲ್ಲೂ ಅದೇ ಪದ ಬಂತಲ್ಲ ಅಂತ ನಾಚಿಕೆ ಆಯ್ತು. ಎಷ್ಟು ಸಾಕು ಅಂತ ಹೇಳೋ ಹಕ್ಕು ಅವಳದ್ದು. ದಾನಿಯದ್ದಲ್ಲ, ಅಂಗಡಿಯೋನದ್ದಲ್ಲ, ನಂದೂ ಅಲ್ಲ.

ಇನ್ನೂ ಮೂರು ಮೆಷಿನ್ ಬಾಕಿ ಇವೆ. ಈ ಸಲ ಜಯಂತಿಗೆ ನಮ್ಮ ಬೀದೀಲಿ ನನ್ನ ಮುಖದ ಫ್ಲೆಕ್ಸ್ ಇರಲ್ಲ. ನಿಮ್ಮ ಬೀದೀಲಿ ಏನಿರಬೇಕು ಅಂತ ನೀವೇ ಯೋಚ್ನೆ ಮಾಡಿ.

ಜೈ ಭೀಮ್.